ಸದ್ಗುಣವನ್ನು ಒರೆಗೆ ಹಚ್ಚುವುದು ಹೇಗೆ?

ಕನ್ನಡದಲ್ಲಿ ‘ಗುಣ’ ಎಂಬ ಪದಕ್ಕೆ ಕೈತುಂಬ ಕೆಲಸ. ಜ್ವರ ಗುಣವಾಗುತ್ತದೆ, ಮದ್ದಿಗೆ ಗುಣವಿರುತ್ತದೆ, ಲೆಕ್ಕದಲ್ಲಿ ಗುಣಿಸುತ್ತೇವೆ, ಸಂಸ್ಕೃತದಲ್ಲಿ ಬಿಲ್ಲಿನ ಹೆದೆಯೂ ಗುಣವೇ. ‘ಸದ್ಗುಣ’ ಎಂದ ಕೂಡಲೇ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಒಬ್ಬರ ಮನಸ್ಸಿನಲ್ಲಿರುವುದು ಮೆತ್ತಗೆ ಮಾತಾಡುವುದು, ಇನ್ನೊಬ್ಬರದು ಹೇಳಿದಂತೆ ಕೇಳುವುದು, ಮತ್ತೊಬ್ಬರದು ಯಾರ ತಂಟೆಗೂ ಹೋಗದಿರುವುದು. ಈ ಮೂರರಲ್ಲಿ ಒಂದೂ ಸದ್ಗುಣವಲ್ಲದೆ ಇರಬಹುದು.

ಪದ ಎಲ್ಲಿಂದ ಬಂತು ಎಂದು ಮೊದಲು ನೋಡಿ

ಗ್ರೀಕರ ‘ಅರೆಟೆ’ ಎಂದರೆ ಮೇಲ್ಮೆ. ಚೂರಿಯ ಅರೆಟೆ ಚೆನ್ನಾಗಿ ಕೊಯ್ಯುವುದು, ಕುದುರೆಯದು ಚೆನ್ನಾಗಿ ಓಡುವುದು. ಮನುಷ್ಯನದು ಯಾವುದು ಎಂಬ ಪ್ರಶ್ನೆಯಿಂದಲೇ ಅವರ ನೀತಿಶಾಸ್ತ್ರ ಹುಟ್ಟಿದ್ದು. ಲ್ಯಾಟಿನ್ನಿನ ‘ವಿರ್ಟುಸ್’ ಬಂದದ್ದು ಗಂಡಸು ಎಂಬರ್ಥದ ‘ವಿರ್’ನಿಂದ, ಅದರಲ್ಲಿ ಇನ್ನೂ ರಣರಂಗದ ವಾಸನೆಯಿದೆ. ಪ್ಲೇಟೋ ಹೇಳಿದ್ದು ವಿವೇಕ, ಧೈರ್ಯ, ಸಂಯಮ, ನ್ಯಾಯ ಎಂಬ ನಾಲ್ಕು. ಕ್ರೈಸ್ತ ಚಿಂತಕರು ಅದಕ್ಕೆ ನಂಬಿಕೆ, ಭರವಸೆ, ಪ್ರೀತಿ ಸೇರಿಸಿ ಏಳು ಮಾಡಿದರು. ಮಹಾಯಾನ ಬೌದ್ಧರ ಆರು ಪಾರಮಿತೆಗಳಲ್ಲಿ, ಅಂದರೆ ಪೂರ್ಣತೆಗೆ ಒಯ್ಯಬೇಕಾದ ಗುಣಗಳಲ್ಲಿ, ದಾನ, ಶೀಲ, ಕ್ಷಾಂತಿ (ತಾಳ್ಮೆ) ಮೊದಲು ಬರುತ್ತವೆ.

ಇಂಥ ಪಟ್ಟಿ ಸಿಕ್ಕಾಗ ಅದರಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂದು ಹುಡುಕಿ. ಪ್ಲೇಟೋನ ನಾಲ್ಕರಲ್ಲಿ ವಿನಯವಿಲ್ಲ, ಕರುಣೆಯೂ ಇಲ್ಲ. ನಮ್ಮ ಕಾಲದ ‘ಒಳ್ಳೆಯವನು’ ಎಂಬ ಚಿತ್ರವನ್ನು ಹಳೆಯ ಗ್ರಂಥದ ಮೇಲೆ ಹೊದಿಸಿ ಓದಿದರೆ ಪುಟಪುಟಕ್ಕೂ ಎಡವುತ್ತೇವೆ.

ಮೂರು ಪ್ರಶ್ನೆ

ಒರೆಗಲ್ಲನ್ನು ಕೊಟ್ಟವನು ಪ್ಲೇಟೋನ ಶಿಷ್ಯ ಅರಿಸ್ಟಾಟಲ್ (ಕ್ರಿ.ಪೂ. 384–322). ಒಂದು ಕೆಲಸ ನಿಜಕ್ಕೂ ಸದ್ಗುಣದಿಂದ ಬಂದದ್ದು ಎನ್ನಬೇಕಾದರೆ ಮೂರು ಸಂಗತಿ ಕೂಡಿರಬೇಕು: ಮಾಡುವವನಿಗೆ ತಾನೇನು ಮಾಡುತ್ತಿದ್ದೇನೆ ಎಂಬ ಅರಿವಿರಬೇಕು, ಆ ಕೆಲಸವನ್ನು ಅದಕ್ಕಾಗಿಯೇ ಆರಿಸಿಕೊಂಡಿರಬೇಕು, ಅದು ಗಟ್ಟಿಯಾಗಿ ನೆಲೆನಿಂತ ಸ್ವಭಾವದಿಂದ ಹೊಮ್ಮಿರಬೇಕು.

ಕೇಳಲು ಸುಲಭ. ಒರೆಗೆ ಹಚ್ಚಿದಾಗ ಎಷ್ಟು ಉದುರುತ್ತವೆ ನೋಡಿ. ಗಮನಿಸದೆ ಸರಿಯಾದ ಲೆಕ್ಕ ಕೊಟ್ಟವನದು ಪ್ರಾಮಾಣಿಕತೆಯಲ್ಲ, ಮೊದಲ ಪ್ರಶ್ನೆಗೇ ಬಿತ್ತು. ಸಿಕ್ಕಿಬೀಳುವ ಭಯಕ್ಕೆ ಲಂಚ ಮುಟ್ಟದವನು ಎರಡನೆಯದಕ್ಕೆ ಬೀಳುತ್ತಾನೆ. ಹಬ್ಬದ ದಿನ ಮನಸ್ಸು ಉಕ್ಕಿ ದಾನ ಮಾಡಿದವನು ಮೂರನೆಯದಕ್ಕೆ. ಹಾಗೆಂದು ಆ ಕೆಲಸಗಳು ಕೆಟ್ಟವಲ್ಲ. ಕೆಲಸ ಸರಿಯಿತ್ತು, ಗುಣ ಇನ್ನೂ ಬಂದಿಲ್ಲ, ಅಷ್ಟೆ.

ಇನ್ನೊಂದು ಗೆರೆಯನ್ನೂ ಇಲ್ಲಿಯೇ ಎಳೆದುಕೊಳ್ಳಿ. ಹಲ್ಲು ಕಚ್ಚಿ ಸಿಟ್ಟು ನುಂಗಿಕೊಳ್ಳುವವನಿಗೂ, ಸಿಟ್ಟು ಬರಬೇಕಾದಷ್ಟೇ ಬರುವವನಿಗೂ ವ್ಯತ್ಯಾಸವಿದೆ. ಮೊದಲನೆಯವನದು ತಡೆ, ಎರಡನೆಯವನದು ಗುಣ. ಹೊರಗಿನಿಂದ ಇಬ್ಬರೂ ಒಂದೇ ಥರ ಕಾಣುತ್ತಾರೆ.

ನಡು ಎಂದರೆ ಅರ್ಧ ಅಲ್ಲ

ಸದ್ಗುಣ ಎರಡು ಅತಿಗಳ ನಡುವೆ ಇರುತ್ತದೆ ಎಂಬ ಮಾತು ಎಲ್ಲರಿಗೂ ಗೊತ್ತು: ಹೇಡಿತನ ಒಂದು ಕಡೆ, ದುಡುಕು ಇನ್ನೊಂದು ಕಡೆ, ನಡುವೆ ಧೈರ್ಯ. ಎಲ್ಲರೂ ತಪ್ಪುವುದೂ ಇಲ್ಲೇ. ಅರಿಸ್ಟಾಟಲ್ ಕೊಟ್ಟ ಉದಾಹರಣೆ ಊಟದ್ದು. ಹತ್ತು ಮೀನಾ (ಗ್ರೀಕರ ಒಂದು ತೂಕದ ಅಳತೆ) ಆಹಾರ ಹೆಚ್ಚು, ಎರಡು ಮೀನಾ ಕಡಿಮೆ ಎಂದಾದರೆ ತರಬೇತುದಾರ ಎಲ್ಲರಿಗೂ ಆರು ಬಡಿಸುವುದಿಲ್ಲ. ಜಟ್ಟಿ ಮೈಲೋಗೆ ಆರು ಸಾಲದು. ಆಗತಾನೆ ಅಭ್ಯಾಸ ಶುರುಮಾಡಿದವನಿಗೆ ಅದೇ ಆರು ಅತಿ. ನಡು ಎಂಬುದು ಆಳಿಗೆ, ಹೊತ್ತಿಗೆ, ಎದುರಿಗಿರುವವರಿಗೆ ತಕ್ಕಂತೆ ಸರಿಯುತ್ತದೆ. ಜೊತೆಗೆ, ಹೊಟ್ಟೆಕಿಚ್ಚು, ಕಳ್ಳತನ, ಕೊಲೆಗೆ ನಡುವೆಂಬುದೇ ಇಲ್ಲ ಎಂದೂ ಅವನು ಹೇಳಿಬಿಟ್ಟಿದ್ದಾನೆ. ‘ಮಿತವಾಗಿ ಕದ್ದೆ’ ಎನ್ನುವ ಹಾಗಿಲ್ಲ.

ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. ಸ್ನೇಹಿತ ತಾನು ಬರೆದ ಮೊದಲ ಕಥೆಯನ್ನು ಕೈಗಿಟ್ಟು “ಹೇಗಿದೆಯೋ?” ಎನ್ನುತ್ತಾನೆ. ಕಥೆ ಜಾಳಾಗಿದೆ. “ಬಹಳ ಚೆನ್ನಾಗಿದೆ ಕಣೋ” ಎಂದರೆ ಸುಳ್ಳು. “ಇದನ್ನೆಲ್ಲ ಯಾಕೆ ಬರೀತೀಯ?” ಎಂದರೆ ನಿಜವನ್ನು ಕಲ್ಲಿನಂತೆ ಎಸೆದ ಹಾಗೆ. “ಪರವಾಗಿಲ್ಲ” ಎನ್ನುವುದೇ ನಡು ಎಂದು ಹಲವರು ಭಾವಿಸುತ್ತಾರೆ. ಅದು ಎರಡರ ಸರಾಸರಿ, ಸತ್ಯವಂತಿಕೆಯಲ್ಲ. ಅವನ ಕೈಗೆ ಏನೂ ಸಿಗಲಿಲ್ಲ. “ಮೊದಲ ಎರಡು ಪುಟ ಎಳೆದಾಡಿದೆ, ಅಜ್ಜಿ ಬಾಗಿಲು ತೆಗೆಯೋ ಕಡೆ ಕಥೆ ಎದ್ದು ಕೂತಿದೆ, ಅಲ್ಲಿಂದಲೇ ಶುರುಮಾಡು” ಎನ್ನುವುದು ಗುರಿ ಮುಟ್ಟುತ್ತದೆ. ಇದಕ್ಕೆ ಕಥೆಯನ್ನು ಗಮನವಿಟ್ಟು ಓದಿರಬೇಕು. ಗುಣಕ್ಕೆ ಒಳ್ಳೆಯ ಮನಸ್ಸೊಂದೇ ಸಾಲದು, ವಿವೇಕ ಬೇಕು ಎನ್ನುವುದು ಈ ಕಾರಣಕ್ಕೆ.

ಸಾಹಿತ್ಯದಲ್ಲಿ ಹುಡುಕುವ ಬಗೆ

ಕವಿ ಪಾತ್ರಕ್ಕೆ ತೊಡಿಸಿದ ವಿಶೇಷಣಗಳನ್ನು ಪಕ್ಕಕ್ಕಿಡಿ. ಗುಣಕ್ಕೆ ಬೆಲೆ ತೆರಬೇಕಾಗಿ ಬಂದ ಜಾಗವನ್ನು ಗುರುತು ಹಾಕಿ. ‘ಗೋವಿನ ಹಾಡಿ’ನ ಪುಣ್ಯಕೋಟಿ ಹಿಂತಿರುಗುವುದು ಎಲ್ಲರಿಗೂ ನೆನಪಿದೆ. ಆದರೆ ಅದಕ್ಕೂ ಮುಂಚಿನ ಒಂದು ಕೆಲಸ ನೋಡಿ: ತಬ್ಬಲಿಯಾಗಲಿರುವ ಕರುವನ್ನು ಮಂದೆಯ ಉಳಿದ ಹಸುಗಳಿಗೆ ಒಪ್ಪಿಸಿ, ನಿಮ್ಮದೇ ಕಂದನೆಂದು ಕಾಣಿ ಎಂದು ಬೇಡಿಕೊಳ್ಳುತ್ತದೆ. ಕೊಟ್ಟ ಮಾತು ತಾಯಿತನವನ್ನು ನುಂಗಲಿಲ್ಲ. ಕಾಡಿನ ದಾರಿಯಲ್ಲಿ ಕಾವಲಿಗೆ ಯಾರೂ ಇಲ್ಲ, ತಪ್ಪಿಸಿಕೊಳ್ಳಲು ಅಡ್ಡಿಯೂ ಇಲ್ಲ. ಎರಡನೆಯ ಪ್ರಶ್ನೆಯನ್ನು ಅದು ಅಲ್ಲಿ ಪೂರ್ತಿ ಗೆಲ್ಲುತ್ತದೆ.

ಬಳಿಕ ಎರಡು ಗುಣಗಳು ಒಂದಕ್ಕೊಂದು ಅಡ್ಡ ನಿಂತ ಜಾಗ ಹುಡುಕಿ. ಕರ್ಣನಿಗಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ. ಕವಚ ಕುಂಡಲಗಳನ್ನು ಕಿತ್ತುಕೊಟ್ಟ ದಾನಿ, ಹುಟ್ಟಿನ ಗುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಡದ ಗೆಳೆಯ. ಅದೇ ಮನುಷ್ಯ ದ್ಯೂತಸಭೆಯಲ್ಲಿ ದ್ರೌಪದಿಯನ್ನು ಹೀನಾಯವಾಗಿ ಆಡಿಕೊಳ್ಳುತ್ತಾನೆ. ನಿಷ್ಠೆ ಇದ್ದ ಕಡೆ ನ್ಯಾಯ ಇರಲಿಲ್ಲ. ಒಂದು ಗುಣ ಪೂರ್ತಿ ಇದ್ದರೆ ಉಳಿದವೂ ಇರಲೇಬೇಕು ಎಂಬ ಗ್ರೀಕ್ ವಾದವನ್ನು ಇಂಥ ಪಾತ್ರದ ಎದುರಿಟ್ಟು ನೋಡಿದರೆ ಎರಡೂ ಸ್ಪಷ್ಟವಾಗುತ್ತವೆ. ಅರ್ಜುನನೇ ನಾಯಕನಾದ ತನ್ನ ಭಾರತದಲ್ಲಿ ಪಂಪ (ಸುಮಾರು 941) ಕರ್ಣನನ್ನು ನೆನೆಯಿರಿ ಎನ್ನುತ್ತಾನೆ. ಕವಿಗೆ ಗೆದ್ದವನ ಪರ ವಹಿಸುವುದು ಬೇರೆ, ಗುಣ ಗುರುತಿಸುವುದು ಬೇರೆ.

ದಿನದ ಬಾಳಿನಲ್ಲಿ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಇಲ್ಲಿ ಬಾಗಿಲ ಹೊರಗೆ ಬಿಡಬೇಕು. ಕಲ್ಲನ್ನು ಹತ್ತು ಸಾವಿರ ಸಲ ಮೇಲಕ್ಕೆಸೆದರೂ ಅದು ಮೇಲೇರುವುದನ್ನು ಕಲಿಯದು, ಮನುಷ್ಯ ಹಾಗಲ್ಲ. ಸದ್ಗುಣ ಕೈಗೆ ಹತ್ತುವುದು ವಾದ್ಯ ಕಲಿತ ಹಾಗೆ, ಮಾಡಿ ಮಾಡಿ.

ಹದಿನೆಂಟನೆಯ ಶತಮಾನದ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ 13 ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದನ್ನು ಹಿಡಿದು, ವರ್ಷಕ್ಕೆ ನಾಲ್ಕು ಸುತ್ತು ಹಾಕಲು ಹೊರಟ. ತಪ್ಪಿದ ದಿನ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆ. ಹೊಸ ಸುತ್ತಿಗೆ ಹಳೆಯ ಚುಕ್ಕೆ ಕೆರೆದೂ ಕೆರೆದೂ ಹಾಳೆ ತೂತುಬಿದ್ದು, ಕೊನೆಗೆ ದಂತದ ಹಾಳೆಗೆ ಬದಲಾಯಿಸಿಕೊಂಡ. ಅಚ್ಚುಕಟ್ಟುತನ ಅವನಿಗೆ ಒಲಿಯಲೇ ಇಲ್ಲ. ಚುಕ್ಕೆಯ ಪದ್ಧತಿ ಒಳ್ಳೆಯದೇ, ಆದರೆ ಹದಿಮೂರು ಅತಿಯಾಯಿತು. ಒಂದೇ ಒಂದನ್ನು ನಾಲ್ಕು ವಾರ ಹಿಡಿಯಿರಿ. ‘ತಾಳ್ಮೆ’ ಎಂದು ಬರೆದುಕೊಂಡರೆ ಏನೂ ಆಗದು. ‘ಎದುರಿನವರು ಮಾತು ಮುಗಿಸುವವರೆಗೆ ಬಾಯಿ ಹಾಕುವುದಿಲ್ಲ’ ಎಂದು ಬರೆದರೆ ರಾತ್ರಿ ಚುಕ್ಕೆ ಇಡಬೇಕೋ ಬೇಡವೋ ಎಂಬ ಅನುಮಾನ ಉಳಿಯದು.

ಚುಕ್ಕೆಯ ಪಕ್ಕ ಹೊತ್ತನ್ನೂ ಬರೆಯಿರಿ. ಎರಡನೇ ವಾರಕ್ಕೆ ಚುಕ್ಕೆಗಳೆಲ್ಲ ಸಂಜೆಯ ಹಸಿವಿನ ಹೊತ್ತಿಗೋ, ಒಬ್ಬರೇ ವ್ಯಕ್ತಿಯ ಎದುರಿಗೋ ಗುಂಪುಗೂಡಿದ್ದು ಕಂಡೀತು. ನಿಮ್ಮ ವಾಲು ಯಾವ ಕಡೆಗೆಂದು ತಿಳಿದ ಮೇಲೆ ನಡುವಿಗೆ ಗುರಿಯಿಡಬೇಡಿ. ಸೊಟ್ಟಗಾದ ಮರವನ್ನು ನೆಟ್ಟಗಾಗಿಸುವವರು ಅದನ್ನು ಎದುರು ದಿಕ್ಕಿಗೆ ಎಳೆಯುತ್ತಾರೆ. ಕೈಬಿಗಿ ಇರುವವರು ಸ್ವಲ್ಪ ಹೆಚ್ಚೆನಿಸುವಷ್ಟು ಕೊಡಲಿ, ಯಾರಿಗೂ ಇಲ್ಲವೆನ್ನಲಾರದವರು ದಿನಕ್ಕೊಮ್ಮೆ ಇಲ್ಲವೆನ್ನಲಿ. ಮೊದಮೊದಲು ಇದು ನಾಟಕದಂತೆ ಅನಿಸುತ್ತದೆ. ಮೂರನೆಯ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲವಾದ್ದರಿಂದ ಹಾಗನಿಸುವುದು ಸಹಜ.

ನಾಲ್ಕು ವಾರವೂ ಹಾಳೆ ಬೆಳ್ಳಗೇ ಉಳಿದಿದ್ದರೆ ಪುಸ್ತಕವನ್ನು ಮನೆಯವರ ಕೈಗೆ ಕೊಟ್ಟು, ಮುಂದಿನ ವಾರದ ಚುಕ್ಕೆಗಳನ್ನು ಅವರಿಂದಲೇ ಹಾಕಿಸಿ.