ಡಬ್ಬಿಯ ಮೇಲಿನ ಹಸಿರು ಎಲೆ ನಂಬಬೇಡಿ

ಚಾರ್ಜರ್ ಡಬ್ಬಿಯ ಮೇಲೆ ಹಸಿರು ಎಲೆ, ಪಕ್ಕದಲ್ಲಿ 'ರೋಹ್ಸ್' ಎಂಬ ಅಕ್ಷರ. ಅಷ್ಟು ಕಂಡರೆ ಸಾಕು, ಸೀಸ ಗೀಸ ಏನೂ ಇಲ್ಲ ಅಂತ ಕೊಂಡುಬಿಡುವವರು ಬಹಳ ಜನ. ರೋಹ್ಸ್ ಎಂದರೆ ವಿದ್ಯುತ್ ಉಪಕರಣಗಳಲ್ಲಿ ಸೀಸದಂಥ ಅಪಾಯಕಾರಿ ವಸ್ತುಗಳಿಗೆ ಮಿತಿ ಹಾಕುವ ಯುರೋಪಿಯನ್ ಒಕ್ಕೂಟದ ಕಾನೂನು, 2006ರ ಜುಲೈ 1ರಿಂದ ಜಾರಿಯಲ್ಲಿದೆ. ಎಲೆಯ ಚಿತ್ರ ಹಾಕಿ ಅಂತ ಅದು ಎಲ್ಲೂ ಹೇಳಿಲ್ಲ. ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಬಹುದು.

ಮೊದಲು ಈ ಕಾನೂನು ಪಾಲಿಸಿದ್ದೇವೆ ಅಂತ ಕಂಪನಿ ಬರೆದುಕೊಡುವ, ಆ ಮಾಡೆಲ್‌ನ ಘೋಷಣಾ ಪತ್ರ ತರಿಸಿಕೊಳ್ಳಿ. ಅದರಲ್ಲಿ 2011/65 (ಈಗಿನ ಕಾನೂನಿನ ಸಂಖ್ಯೆ) ಮತ್ತು 2015/863 (ಅದರ ತಿದ್ದುಪಡಿಯ ಸಂಖ್ಯೆ) ಎಂಬ ಎರಡು ಸಂಖ್ಯೆ ಹುಡುಕಿ. ಪ್ಲಾಸ್ಟಿಕ್ ಮೆತ್ತಗಾಗಲು ಬೆರೆಸುವ 4 ಥ್ಯಾಲೇಟ್ ರಾಸಾಯನಿಕಗಳು ಮಿತಿ ಹಾಕಿದ ವಸ್ತುಗಳ ಪಟ್ಟಿಗೆ ಸೇರಿದ್ದು ಎರಡನೆಯದರಿಂದ.

ಆಮೇಲೆ ಲ್ಯಾಬ್ ವರದಿ. ಎಡವುವುದು ಇಲ್ಲೇ. ಸೀಸ, ಪಾದರಸದ ಮಿತಿ 0.1%, ಕ್ಯಾಡ್ಮಿಯಂನದು 0.01%. ಯಾವುದರಲ್ಲಿ? ಇಡೀ ಚಾರ್ಜರ್‌ನಲ್ಲಿ ಅಲ್ಲ. ಇನ್ನು ಬಿಡಿಸಲು ಬರುವುದಿಲ್ಲ ಎನ್ನುವ ಒಂದೊಂದು ವಸ್ತುವಿನಲ್ಲೂ. ಒಂದು ವೈರನ್ನೇ ನೋಡಿ: ತಾಮ್ರದ ಎಳೆ ಬೇರೆ, ಅದರ ಮೇಲಿನ ಬಿಳಿ ಪ್ಲಾಸ್ಟಿಕ್ ಬೇರೆ, ಹೊರಗಿನ ಕಪ್ಪು ಪ್ಲಾಸ್ಟಿಕ್ ಬೇರೆ. ಮೂರಕ್ಕೂ ಬೇರೆ ಬೇರೆ ಲೆಕ್ಕ.

ಗೆಳೆಯರೊಬ್ಬರು ಹೀಗೆ ಲೆಕ್ಕ ಹಾಕಿದ್ದರು: ಚಾರ್ಜರ್ 50 ಗ್ರಾಂ, ಸೀಸ 20 ಮಿಲಿಗ್ರಾಂ, ಅಂದರೆ 0.04%, ಪಾಸ್! ಅಷ್ಟೂ ಸೀಸ ಇದ್ದದ್ದು 1 ಗ್ರಾಂ ಬೆಸುಗೆಯಲ್ಲಿ. ಅಲ್ಲಿಗೆ 2% ಆಯಿತಲ್ವಾ? ಮಿತಿಯ 20 ಪಟ್ಟು. (ಕೆಲವು ಭಾಗಗಳಿಗೆ ಕಾನೂನೇ ವಿನಾಯಿತಿ ಕೊಟ್ಟಿದೆ, ಅದು ಬೇರೆ ಮಾತು.) ಹಾಗಾಗಿ ವರದಿಯಲ್ಲಿ ಒಂದೊಂದು ಭಾಗಕ್ಕೂ ಒಂದೊಂದು ಸಾಲು, ಫೋಟೊ ಇರಬೇಕು. ಎಲ್ಲ ಪುಡಿ ಮಾಡಿ ಒಂದೇ ಅಂಕಿ ಕೊಟ್ಟಿದ್ದರೆ ಆ ಕಾಗದ ಪಕ್ಕಕ್ಕಿಡಿ.

ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಗನ್ ತೋರಿಸಿ 'ಈಗಲೇ ಚೆಕ್ ಮಾಡ್ತೀವಿ' ಅನ್ನುವವರೂ ಇದ್ದಾರೆ. ಪ್ಲಾಸ್ಟಿಕ್‌ಗೆ ಬೆಂಕಿ ತಡೆಯಲು ಬ್ರೋಮಿನ್ ಸಂಯುಕ್ತ ಬೆರೆಸಿದ್ದರೆ ಆ ಗನ್ ಬ್ರೋಮಿನ್ ಇದೆ ಅನ್ನುತ್ತದೆ, ನಿಷೇಧವಾದ ಬ್ರೋಮಿನ್ ಸಂಯುಕ್ತವೇ ಅಂತ ಹೇಳಲಾರದು. ಥ್ಯಾಲೇಟ್ ಅಂತೂ ಅದಕ್ಕೆ ಕಾಣುವುದೇ ಇಲ್ಲ.

ಕೊನೆಗೆ ವಸ್ತುವನ್ನೇ ತಿರುಗಿಸಿ, ಟಾರ್ಚ್ ಓರೆಯಾಗಿ ಹಿಡಿದು ನೋಡಿ. ದೊಡ್ಡ ಪ್ಲಾಸ್ಟಿಕ್ ಭಾಗಗಳ ಒಳಮೈಯಲ್ಲಿ ಎಷ್ಟೋ ಸಲ ಸಣ್ಣ ಉಬ್ಬಕ್ಷರ ಇರುತ್ತದೆ. 'ಎಫ್‌ಆರ್ 40' ಇದ್ದರೆ ಬೆಂಕಿ ತಡೆಯಲು ರಂಜಕದ ಸಂಯುಕ್ತ ಬೆರೆಸಿದ್ದಾರೆ. 'ಎಫ್‌ಆರ್ 17' ಇದ್ದರೆ ಬ್ರೋಮಿನ್, ಜೊತೆಗೆ ಆಂಟಿಮನಿ. 17 ಕಾನೂನುಬಾಹಿರವೇನಲ್ಲ, ಆದರೂ ನಾನು ಕೊಳ್ಳುವುದಿಲ್ಲ. ಪಿವಿಸಿಗೂ ರೋಹ್ಸ್‌ನಲ್ಲಿ ನಿಷೇಧವಿಲ್ಲ. ಕೇಬಲ್ ಮಾತ್ರ ಪಿವಿಸಿ ಇಲ್ಲದ್ದೇ ತಗೊಳ್ಳಿ. ಮೂಸಿ ನೋಡಿ ತೀರ್ಮಾನ ಮಾಡುವುದೆಲ್ಲ ಸುಮ್ನೆ.