ಮಂಗಳೂರಿಗೆ ಬಂದರೆ ಕಡವಿನ ದೋಣಿ ಹತ್ತಿ

ಮಂಗಳೂರಿಗೆ ಬಂದವರು ಜಾಸ್ತಿ ಜನ ಸೀದಾ ಪಣಂಬೂರು ಬೀಚಿಗೆ ಹೋಗುತ್ತಾರೆ. ನನ್ನ ಮಾತು ಕೇಳಿ, ಸಂಜೆ ನಾಲ್ಕರ ಹೊತ್ತಿಗೆ ಸುಲ್ತಾನ್ ಬತ್ತೇರಿಗೆ ಬನ್ನಿ. ಟಿಪ್ಪು ಕಾಲದ ಕಪ್ಪು ಕಲ್ಲಿನ ಕಾವಲು ಬುರುಜು. ಹತ್ತಿದರೆ ಗುರುಪುರ ನದಿ ಕಾಣುತ್ತದೆ. ನೋಡಲು ಹತ್ತು ನಿಮಿಷ ಸಾಕು.

ಮಜಾ ಇರುವುದು ಪಕ್ಕದ ಕಡವಿನಲ್ಲಿ, ಅಂದರೆ ನದಿ ದಾಟಿಸುವ ದೋಣಿ ಸಿಗುವಲ್ಲಿ. ದೋಣಿಯಲ್ಲಿ ಕೆಲವೇ ನಿಮಿಷಕ್ಕೆ ಆಚೆ ದಡ. ಡೀಸೆಲ್ ವಾಸನೆ, ಒಣಮೀನಿನ ವಾಸನೆ, ಮುಖಕ್ಕೆ ಉಪ್ಪುಗಾಳಿ. ಇಳಿದು ಸ್ವಲ್ಪ ನಡೆದರೆ ತಣ್ಣೀರುಬಾವಿ ಬೀಚ್. ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಮೊದಲೇ ಕೇಳಿಕೊಳ್ಳಿ. ನಾವು ಒಮ್ಮೆ ಸೂರ್ಯಾಸ್ತ ನೋಡುತ್ತಾ ಕೂತು, ರಸ್ತೆಯಲ್ಲಿ ಸುತ್ತು ಹೊಡೆದು ಬಂದೆವು! ಜೋರು ಮಳೆಗಾಲದಲ್ಲಿ ದೋಣಿ ನಂಬಬೇಡಿ.

ಬೇಗ ಏಳುವವರಾದರೆ ಬೆಳಗ್ಗೆ ಬಂದರಿನ ದಕ್ಕೆಗೆ, ಅಂದರೆ ಮೀನಿನ ದೋಣಿಗಳು ನಿಲ್ಲುವ ಕಟ್ಟೆಗೆ, ಹೋಗಿ. ಬಂಗುಡೆ, ಬೂತಾಯಿ ಮೀನುಗಳು ಬುಟ್ಟಿಗಟ್ಟಲೆ ಹರಾಜಾಗುತ್ತವೆ. ಹಳೇ ಚಪ್ಪಲಿ ಹಾಕಿ, ನೆಲವೆಲ್ಲ ನೀರು. ಜೂನ್, ಜುಲೈನಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ, ಆಗ ದಕ್ಕೆ ಖಾಲಿ ಖಾಲಿ.

ಮಧ್ಯಾಹ್ನದ ಬಿಸಿಲಿಗೆ ಗಡ್‌ಬಡ್ ಐಸ್‌ಕ್ರೀಂ, ಹಣ್ಣು, ಜೆಲ್ಲಿ ಸೇರಿಸಿ ಉದ್ದ ಗ್ಲಾಸಿನಲ್ಲಿ ಕೊಡುವಂಥದ್ದು. ಒಂದನ್ನು ಇಬ್ಬರು ಹಂಚಿಕೊಳ್ಳಬಹುದು ಅಂತಾರೆ, ನನಗಂತೂ ಆಗಲ್ಲ.