ಡಾರ್ಜಿಲಿಂಗಿನ ನ್ಯೂಟ್‌ಗೆ ನಾನು ಬರೆದ ಎರಡನೆಯ ಚೀಟಿ

ನಮ್ಮ ಪಶ್ಚಿಮಘಟ್ಟದ ಉಭಯವಾಸಿಗಳಲ್ಲಿ ಕಪ್ಪೆಗಳಿವೆ, ಕಾಲಿಲ್ಲದ ಸಿಸಿಲಿಯನ್‌ಗಳಿವೆ, ಆದರೆ ಪ್ರೌಢಾವಸ್ಥೆಯಲ್ಲೂ ಬಾಲ ಉಳಿಸಿಕೊಳ್ಳುವ ನ್ಯೂಟ್ ಒಂದೂ ಇಲ್ಲ. ಮಲೆನಾಡಿನವನಾದ ನಾನು ಮೊದಲ ನ್ಯೂಟನ್ನು ಕಂಡದ್ದು ಡಾರ್ಜಿಲಿಂಗ್ ಜಿಲ್ಲೆಯ ಜೋರ್‌ಪೋಖರಿಯಲ್ಲಿ, ಮಳೆ ಹಿಡಿದು ಅವು ಮೊಟ್ಟೆಯಿಡಲು ಕೊಳಕ್ಕಿಳಿದಿದ್ದ ದಿನಗಳಲ್ಲಿ. ಪಕ್ಕೆಗುಂಟ ಗಂಟುಗಳ ಸಾಲಿದ್ದ ಆ ಕಂದು ಪ್ರಾಣಿಯನ್ನು ಆಗಿನ ರೂಢಿಯಂತೆ ಟೈಲೋಟೋಟ್ರೈಟನ್ ವೆರ್ರುಕೋಸಸ್ ಎಂದೇ ದಾಖಲಿಸಿದೆ.

ಆ ಹೆಸರನ್ನು 1871ರಲ್ಲಿ ಕೊಟ್ಟವರು ಕಲ್ಕತ್ತದ ಇಂಡಿಯನ್ ಮ್ಯೂಸಿಯಮ್ಮಿನ ಜಾನ್ ಆಂಡರ್ಸನ್, ಆದರೆ ಅವರ ಮುಂದಿದ್ದ ಪ್ರಾಣಿಗಳು ಚೀನಾದ ಪಶ್ಚಿಮ ಯುನ್ನಾನಿನವು. ಹೆಸರು ಯಾವ ಮಾದರಿಯ ಮೇಲೆ ನಿಂತಿದೆಯೋ ಆ ಮಾದರಿಯ ಜೊತೆಗೇ ಉಳಿಯಬೇಕೆಂಬುದು ನಾಮಕರಣದ ನಿಯಮ. ಹೀಗಾಗಿ 2015ರಲ್ಲಿ ಜನಕ್ ಖತಿವಾಡಾ ಮತ್ತು ಸಂಗಡಿಗರು ಹಿಮಾಲಯದ ನ್ಯೂಟ್ ಬೇರೆಯೇ ಪ್ರಭೇದವೆಂದು ತೋರಿಸಿದಾಗ, ವೆರ್ರುಕೋಸಸ್ ಯುನ್ನಾನಿನದಾಗಿಯೇ ಉಳಿಯಿತು. ನಮ್ಮದು ಹಿಮಾಲಯಾನಸ್ ಆಯಿತು. ಯುನ್ನಾನಿನಲ್ಲೂ ವಾದ ಮುಗಿದಿರಲಿಲ್ಲ: 1995ರಲ್ಲಿ ಕಿತ್ತಳೆ ಬಣ್ಣದವುಗಳನ್ನು ಶಾನ್‌ಜಿಂಗ್ ಎಂಬ ಪ್ರತ್ಯೇಕ ಪ್ರಭೇದವಾಗಿ ವರ್ಣಿಸಲಾಗಿತ್ತು, ಆದರೆ ಅವು ವೆರ್ರುಕೋಸಸ್‌ಗೆ ಡಿಎನ್‌ಎಯಲ್ಲಿ ತೀರ ಹತ್ತಿರವೆಂದು ಕಂಡುಬಂದ ಮೇಲೆ ಆ ವಿಭಜನೆಯೇ ಪ್ರಶ್ನೆಗೆ ಒಳಗಾಯಿತು. ಬಣ್ಣವೊಂದನ್ನೇ ನೆಚ್ಚಿ ಪ್ರಭೇದ ಒಡೆಯುವುದನ್ನು ನಾನು ಒಪ್ಪಲಾರೆ.

ಮುಂದೆ ಕಾಲೇಜೊಂದು ಜಾಡಿಗಳಲ್ಲಿ ಕಾಪಿಟ್ಟ ಪ್ರಾಣಿಮಾದರಿಗಳ ಹೆಸರುಗಳನ್ನು ಪರಿಷ್ಕರಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಮೊದಲ ಜಾಡಿಯ ಚೀಟಿಯಲ್ಲಿ ಹಳೆಯ ಹೆಸರನ್ನು ಹೊಡೆದುಹಾಕಿ ಹೊಸದನ್ನು ಬರೆದೆ. ಅದು ತಪ್ಪೆಂದು ಅಂದೇ ಸಂಜೆ ಹೊಳೆಯಿತು, ಏಕೆಂದರೆ ಆ ಹಿಂದಿನ ವರದಿಗಳೂ, 1972ರ ವನ್ಯಜೀವಿ ಕಾಯ್ದೆಯ ಅನುಸೂಚಿಯೂ ಈ ಪ್ರಾಣಿಯನ್ನು ಗುರುತಿಸಿದ್ದು ವೆರ್ರುಕೋಸಸ್ ಎಂದೇ, ಆ ಕೊಂಡಿ ಕಡಿದರೆ ಮಾದರಿ ಅನಾಥವಾಗುತ್ತದೆ. ಅಂದಿನಿಂದ ಮೂಲ ಚೀಟಿಯನ್ನು ಮುಟ್ಟದೆ, ಹೊಸ ಹೆಸರು, ಗುರುತಿಸಿದವರ ಹೆಸರು, ವರ್ಷ ಮತ್ತು ಆಧಾರಗಳಿರುವ ಎರಡನೆಯ ಚೀಟಿಯನ್ನು ಜಾಡಿಯೊಳಗೇ ಸೇರಿಸುತ್ತ ಬಂದೆ.

ಸ್ಥಳ ಸ್ಪಷ್ಟವಿದ್ದ ಕಡೆ ಕೆಲಸ ಬೇಗ ಮುಗಿಯಿತು. ಒಂದು ಜಾಡಿಯ ಮೇಲೆ ಮಾತ್ರ ‘ಪೂರ್ವ ಹಿಮಾಲಯ’ ಎಂದಷ್ಟೇ ಇತ್ತು. ಈ ಕುಲದ ನ್ಯೂಟ್‌ಗಳು ಅರುಣಾಚಲದಲ್ಲೂ ಇದ್ದು, ಅದು ಅಲ್ಲಿನ ಬೇರೆ ಪ್ರಭೇದವೂ ಆಗಿರಬಹುದಾದ್ದರಿಂದ, ಊಹೆಯ ಮೇಲೆ ಹಿಮಾಲಯಾನಸ್ ಎಂದು ಬರೆಯಲು ಕೈ ಬರಲಿಲ್ಲ. ಟೈಲೋಟೋಟ್ರೈಟನ್ ಎಂದು ಕುಲದ ಹೆಸರನ್ನಷ್ಟೇ ಬರೆದು, ಪ್ರಭೇದದ ಜಾಗವನ್ನು ಖಾಲಿ ಬಿಟ್ಟೆ.